ನೈಲಾನಿಗಿಂತ ಒಂದು ಗೆರಿ ಕಡಿಮಿ

ಅಂಗಿ ಕೊಡತಾರಂತ ಕೈ ಚಾಚಿದೆ,
ಎಲಿಯಾಸ್ ಸಾಹೇಬ್ರು ಕೊಟ್ಟದ್ದು ರೆಕ್ಕಿ.
ಮಾರು ಉದ್ದ. ತೂಕ ಅಂದ್ರ ಮಡಚಿದ ಒಂದು ಧೋತರ.
ಪಕ್ಕೆಲಬು ಎಣಸಬಹುದಿತ್ತು, ಬಡಕಲು ಕರುವಿನ ಹಾಂಗ.
"ಫಕೀರವ್ವ, ಈ ಕೆಂಪು ಹಾಳಿ ಇದರ ಮ್ಯಾಲೆ ಕೂಡಬೇಕು,
ಒಂದೂ ನಿರಿಗಿ ಇರಬಾರದು."

ಗದಗ ರೋಡಿನ್ಯಾಗ ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡೀನಿ.
ರೈಲ್ವೆ ವರ್ಕ್‌ಶಾಪಿನ ಖಾಕಿ, ಗಾರ್ಡಿನ ಬಿಳಿ,
ಮದಿವಿ ಸೂಟು, ಹೆಣದ ಪೆಟಿಗಿ ಒಳಗಿನ ಸೂಟು.
ಹಾರೂದಕ್ಕ ಮಾಡಿದ್ದಿಲ್ಲ.

ಕೆಂಡದ ಪೆಟಿಗಿ ಬಿಟ್ಟು ಕರೆಂಟಿಂದು ಹಿಡದೆ.
ಮೊದಲ ತುಣುಕು ಸುಟ್ಟು ತೂತಾತು,
ಎರಡನೇದು ಗುಳ್ಳಿ ಎದ್ದಿತು.
ಆಮ್ಯಾಲೆ ಕೈಗೆ ತಿಳೀತು: ಹತ್ತಿ ಅಲ್ಲ, ರೇಷ್ಮಿ ಅಲ್ಲ,
ನೈಲಾನ್ ಸೀರಿಗಿಂತ ಒಂದು ಗೆರಿ ಕಡಿಮಿ.
ಅಂಚು ಮೊದಲು ಹಿಡಿಸಿ ನಡುವಿಗೆ ಬರಬೇಕು,
ಹಾಳಿ ತಾನ ಉಸಿರು ಎಳಕೊಂಡು ಬಿಗಿ ಆಕ್ಕೇತಿ.
ಬೆರಳಿಂದ ಬಾರಿಸಿದ್ರ ಹಲಗಿ ಸಪ್ಪಳ.

ಉಳಿದದ್ದೆಲ್ಲ ಅವರ ಊಟದ ಮೇಜಿನ ಮ್ಯಾಲೆ.
ಮರ್ಸಿಬಾಯಿ ಸಾರಿನ ಪಾತೇಲಿ ಹಿಡಕೊಂಡ ನಿಂತಿದ್ರು.
ಬಾಲಕ್ಕ ಎಪಾಕ್ಸಿ ಹಚ್ಚ್ಯಾರ, ಒಣಗೂತನಕಾ ಊಟಿಲ್ಲ.
ಕೈಯಾಗಿನ ರೇಡಿಯೊ ಕಡ್ಡಿ ಬಲಕ್ಕ ಒತ್ತಿದ್ರ
ಚುಕ್ಕಾಣಿ ಎಡಕ್ಕ ಹೊಳ್ಳತಿತ್ತು.
"ಏನ್ ಹೊಸಾದ್ರಿ ಅದು,
ನಲವತ್ತು ವರ್ಷ ನಂದೂ ಹಿಂಗ" ಅಂದ್ರು ಬಾಯಿಯವರು.

ಐತವಾರ ಚರ್ಚು, ಅದಕ್ಕ ಶನಿವಾರ ಮುಂಜಾನೆ.
ಕುಸುಗಲ್ ಹಾದಿ, ಹತ್ತಿಕಟಗಿ ಕಿತ್ತ ಎರಿಹೊಲ.
ಇಂಜಿನ್ನು ಅಂದ್ರ ನನ್ನ ಮುಷ್ಟಿ.
ಎಣ್ಣಿ ಡಬ್ಬಿ ಬಿಚ್ಚಿದ ಕೂಡಲೆ ಬಾಣಂತಿ ಕೋಲಿ ನೆನಪಾತು:
ಔಡಲೆಣ್ಣಿ! ಅದರಾಗ ಸ್ಪಿರಿಟ್ಟು, ಮತ್ತ ನೈಟ್ರೊ ಅಂತ ಏನೋ.
ಪಂಖಾಕ್ಕ ಕೋಲಿಂದ ಹೊಡದ್ರು. ಬೆರಳು ಹಚ್ಚಬಾರದಂತ,
ಅವರ ನಡುಬೆರಳಿನ ಹೊಲಿಗಿ ನೋಡಿದ್ರ ಸಾಕು.

ಹತ್ತಿತು. ಕಿರಚಿತು. ಪ್ಲಗ್ಗಿನ ಬ್ಯಾಟರಿ ತಗದ್ರು,
ನಿಂತಿತು.
ಹೊಸಾ ಪ್ಲಗ್ಗು. ಹತ್ತಿತು, ನಿಂತಿತು.
ಸೂಜಿತಿರುಪು ಎರಡೂವರಿ ಸುತ್ತು ಬಿಚ್ಚಿದ್ರು, ಟಿಕ್ ಟಿಕ್ ಟಿಕ್,
ಹೊಗಿ ಉಗುಳಿ ಕೆಮ್ಮಿತು.
ಎರಡು ಟಿಕ್ ಬಿಗದ್ರು,
ಚೀರಿ ಸತ್ತಿತು.
ಬೋಗಿ ಎತ್ತಿಸಿದ ಮನುಷ್ಯ
ಹೆಂಟಿ ಮ್ಯಾಲೆ ಕುಂತು ಬೆವರು ಒರಸಿದ್ರು.
"ಎಣ್ಣಿಗೆ ಏನೂ ಆಗಿಲ್ಲ, ಗಾಳಿ ಎಲ್ಲೋ ಒಳಗ ಹೊಕ್ಕೈತಿ."

ಮತ್ತೊಮ್ಮೆ ಹಚ್ಚರಿ ಅಂತ ನಾ ಬಗ್ಗಿ ನೋಡಿದೆ.
ನೀರು ಚಿಮುಕಿಸೋ ನನ್ನ ಬಾಟ್ಲಿನೂ ಹಿಂಗ ಮಾಡತೈತಿ.
ನಳಿಗ್ಯಾಗ ಎಣ್ಣಿ ಜೋಡಿ ಗುಳ್ಳಿ ಸಾಲು,
ಸಾಬುದಾನಿ ಹಾಂಗ.
ಬಿಚ್ಚಿಸಿ, ಒಂದು ತುದಿ ಹಿಚುಕಿ, ಊದಿ,
ತಂಬಿಗಿ ನೀರಾಗ ಅದ್ದಿದೆ.
ಒಂದ ಜಾಗಾ. ಒಂದ ಗುಳ್ಳಿ. ಮತ್ತೊಂದು.
ಸೂಜಿಮೊನಿ ತೂತು.

"ಎಲ್ಲಿಂದ ಬಂತಿದು?"
ನಾ ತಂಬಿಗಿ ನೀರು ಚೆಲ್ಲಿದೆ, ಮಾತಾಡಲಿಲ್ಲ.
ಬುಧವಾರ ರಾತ್ರಿ ಮೂಗಿನ ಕೆಳಗ ಹಾಳಿ ಜಾರಬಾರದಂತ
ಗುಂಡುಸೂಜಿ ಚುಚ್ಚಿದಾಕಿ ನಾನ.
ಹಿಂದ ನಳಿಗಿ ಐತಂತ ನನಗೇನು ಗೊತ್ತು.

ತೂತಿನ ಜಾಗಾ ಕತ್ತರಿಸಿ ಚೋಟುದ್ದ ನಳಿಗಿ ಮತ್ತ ಸಿಗಿಸಿದ್ರು.
ಈ ಸಲ ಬ್ಯಾಟರಿ ತಗದ್ರೂ ನಿಲ್ಲಲಿಲ್ಲ.
ದನಿ ಒಂದ ಸಮ, ಹಲ್ಲು ಜುಮ್ಮನ್ನೂ ಹಾಂಗ.
ಬಿರುಕಿನಾಗ ಗಾಲಿ ಸಿಗತೈತಿ ಅನ್ನೂದರಾಗ
ನೆಲ ಬಿಟ್ಟಿತ್ತು.

ಸಾಹೇಬ್ರ ಹೆಬ್ಬೆಟ್ಟು ನಡುಗತಿದ್ವು, ವಿಮಾನ ನಡುಗಲಿಲ್ಲ.
ತಿರುಗಿದಾಗ ಹೊಟ್ಟಿ ಬಿಸಲಿಗೆ ಬಂತು,
ಎಡ ತುದಿಗೆ ಒಂದು ನಿರಿಗಿ ಉಳದಿತ್ತು.
ಅಷ್ಟು ದೂರಕ್ಕ ಅದು ಕಾಣೂದು ನನ್ನ ಕಣ್ಣಿಗಷ್ಟ.

ಎಣ್ಣಿ ತೀರಿ ಸಪ್ಪಳ ನಿಂತು,
ಆಚಿ ಕುಸುಬಿ ಹೊಲದ ಮುಳ್ಳಾಗ ಇಳೀತು.
ರೆಕ್ಕಿ ಮೂರು ಕಡೆ ಹರದೈತಿ.
"ರೇಟು ಎಷ್ಟವ್ವ?" ಅಂದ್ರು. ಸೀರಿ ರೇಟು ಅಂದೆ,
ತ್ಯಾಪಿ ಪುಕ್ಕಟೆ.
ಯಾಕಂತ ಕೇಳಲಿಲ್ಲ.

ಪೆಟಿಗಿ ಕಾದೈತಿ.
ಗಾರ್ಡಿನ ಪ್ಯಾಂಟು ನಾಳೆ ನೋಡಿದ್ರಾತು.