ಹಿಡಿ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ ತಗಡಿನ ಚಪ್ಪರ.
ಅದರಡಿ ಇನಾಸ್ ಬಾಬ್, ಎದುರಿಗೊಂದು ಗೋಣಿ,
ಗೋಣಿ ತುಂಬ ಹಿಡಿ ಕಳಕೊಂಡ ಹತಾರಗಳು:
ಬೋಳು ಅರ, ಬೋಳು ಉಳಿ, ಕುತ್ತಿಗೆ ಸಡಿಲಾದ ಸುತ್ತಿಗೆ,
ಯಾವುದೋ ಬೋಟಿನ ಅಡುಗೆಯವನ ಕೊಯ್ತ.

ಉಪ್ಪು ಕಬ್ಬಿಣ ತಿಂತದೆ, ಅದು ಎಲ್ಲರಿಗೂ ಗೊತ್ತು, ಅನ್ನುತ್ತಿದ್ದ.
ಆದರೆ ನೋಡು, ಮೊದಲು ಕೈ ಕೊಡೋದು
ಕೈ ಹಿಡಿದದ್ದೇ.
ಹೇಳಿ ತಾನೇ ನಗುತ್ತಿದ್ದ.
ನಾನು ನಗಲಿಲ್ಲ. ನನ್ನ ಕೈ ಹಿಡಿದವನು ಆಗ
ರತ್ನಾಗಿರಿಯಲ್ಲಿ ಇನ್ನೊಂದು ಮನೆಯ ಬಾಡಿಗೆ ಕಟ್ಟುತ್ತಿದ್ದ.

ಅಂಗಡಿಯಿಂದ ಹಿಡಿ ತಂದವನಲ್ಲ ಇನಾಸ್.
ಬಲೆಯ ಬೆಂಡಿಗೆ ನಡುವೆ ತೂತು ಇದ್ದೇ ಇರುತ್ತದಲ್ಲ,
ಅರದ ಬಾಲ ಕಾಯಿಸಿ ಅದರೊಳಗೆ ಒತ್ತಿದರೆ
ಚುಂಯ್ ಅಂದು, ನಾತ ಬಿಟ್ಟು, ಕೂತುಬಿಡುತ್ತಿತ್ತು.
ಹಾಗೆ ಬೆಂಡು ಹಾಕಿದ ಸಣ್ಣ ಚೂರಿಯೊಂದು
ಧಕ್ಕೆಯಿಂದ ಜಾರಿ ನೀರಿಗೆ ಬಿತ್ತು ಒಮ್ಮೆ.
ಮುಳುಗಲಿಲ್ಲ. ಅಲಗು ಕೆಳಗೆ, ಕೆಂಪು ಬೆಂಡು ಮೇಲೆ,
ಕತ್ತಿನತನಕ ನೀರಲ್ಲಿ ನಿಂತವನ ಹಾಗೆ
ಅಲ್ಲೇ ತೂಗಾಡುತ್ತ ನಮ್ಮನ್ನು ನೋಡಿತು.

ದಬ್ಬಳಕ್ಕೆ, ಗುಜರಿಗೆ ಹೋದ ಟೆಂಪೋದ ಗೇರಿನ ಗುಂಡು.
ಬಾಚಿಗೆ, ಹುಡುಗರು ಮುರಿದುಕೊಂಡು ಬಂದ ಬ್ಯಾಟಿನ ಕೋಲು.
ನೌಕಾನೆಲೆಗೆ ಊರು ಎದ್ದಾಗ
ಕಿಟಕಿಯ ಮರದ ಸರಳೊಂದನ್ನೇ ಕಿತ್ತು ತಂದಿದ್ದ ಒಬ್ಬ,
ಎಲ್ಲಿ ಇಡುವುದೆಂದು ತಿಳಿಯದೆ ಕಂಕುಳಲ್ಲಿ ಹಿಡಿದು.
ಐದು ತುಂಡು ಮಾಡಿದ ಇನಾಸ್, ಐದು ಉಳಿಗೆ.
ದುಡ್ಡು ಬೇಡ, ಒಂದು ಇಲ್ಲಿರಲಿ, ಅಂದ.

ಅವನ ಬಲಗೈಗೆ ಹೆಬ್ಬೆರಳಿರಲಿಲ್ಲ.
ಇಂಜಿನ್ನಿನ ಬೆಲ್ಟು ಅಂತ ಯಾರೋ, ಹಗ್ಗ ಅಂತ ಯಾರೋ.
ಅವನದೇ ಸುತ್ತಿಗೆಗೆ ಹವಾಯಿ ಚಪ್ಪಲಿಯ ಉಂಗುಷ್ಟ ಕಟ್ಟಿದ್ದ,
ಅದರೊಳಗೆ ಅಂಗೈ ತೂರಿಸಿ ಹೊಡೆಯುತ್ತಿದ್ದ.
ಕಾಲಿನ ಹೆಬ್ಬೆರಳಿಗೆ ಇದ್ದದ್ದು
ಕೈಗೆ ಬಡ್ತಿ ಪಡೆದಿತ್ತು.

ನನ್ನದು ಕಲ್ವದ ಚೂರಿ,
ಗರಗಸದ ಅಲಗು ತುಂಡರಿಸಿ ಮಸೆದದ್ದು.
ಬಟ್ಟೆ ಸುತ್ತಿ ಹಿಡಿಯುತ್ತಿದ್ದೆ, ಬಟ್ಟೆ ಜಾರಿ
ಚಿಪ್ಪಿನ ಬದಲು ಅಂಗೈ ಬಾಯಿ ಬಿಟ್ಟಿತ್ತು.
ಅವನು ಎಂಸೀಲ್ ನಾದಿದ, ಚಪಾತಿ ಹಿಟ್ಟಿನ ಹಾಗೆ,
ಕಪ್ಪು ಬಿಳಿ ಕೂಡಿ ಬೂದಿಬಣ್ಣ ಆಗುವತನಕ.
ಅಲಗಿನ ಬಾಲಕ್ಕೆ ಮೆತ್ತಿದ.
ಕೈಗೆ ತೆಂಗಿನೆಣ್ಣೆ ಹಚ್ಚಿಕೋ. ಹಿಡಿ, ಅಂದ.
ಹೂವು ಹಿಡಿದ ಹಾಗಲ್ಲ ಶೇವಂತಿ, ಸಿಟ್ಟು ಬಂದ ಹಾಗೆ.
ನೂರು ಎಣಿಸು.

ಸಿಟ್ಟಿಗೆ ಆಗ ಕೊರತೆ ಇರಲಿಲ್ಲ.
ನೂರು ದಾಟಿ ಇನ್ನೂರಕ್ಕೆ ಬಂದಾಗ
ಮುಷ್ಟಿಯೊಳಗೆ ಬಿಸಿ ಏರಿತು, ಮೊಟ್ಟೆ ಹಿಡಿದ ಹಾಗೆ.
ಘಟ್ಟದ ಮೇಲಿನವರು ಕೊಡಲಿ ಹಿಡಿಗೆ
ಕಾವು ಅಂತ ಯಾಕೆ ಅನ್ನುತ್ತಾರೋ, ಆವತ್ತು ತಿಳಿಯಿತು.
ತಿಳಿದದ್ದು ತಪ್ಪೂ ಇರಬಹುದು.

ಇಪ್ಪತ್ತೆರಡು ವರ್ಷ ಆಯಿತು.
ಕಾಳಿಯ ನೀರಲ್ಲಿ ಎಷ್ಟು ಕಲ್ವದ ಬಾಯಿ ಬಿಡಿಸಿದೆನೋ.
ಅಲಗು ಎರಡು ಸಲ ಬದಲಾಯಿತು, ಹಿಡಿ ಅದೇ.
ಬೆರಳ ಗಂಟು ಊದಿ ಈಗ ಆ ಗುಳಿಗಳಲ್ಲಿ ಕೂರುವುದಿಲ್ಲ.
ಸಿಟ್ಟಿನವಳು ಯಾವಳೋ ತೆಳ್ಳಗಿನ ಬೆರಳಿನವಳು
ನನಗಿಂತ ಮೊದಲೇ ಅಲ್ಲಿ ಹಿಡಿದು ಕೂತಿದ್ದಾಳೆ,
ಬಿಡು ಅಂದರೆ ಬಿಡುವುದಿಲ್ಲ.

ಇನಾಸ್ ಹೋದ ಮೇಲೆ ಗೋಣಿ ತೂಕಕ್ಕೆ ಹೋಯಿತು.
ಅವನ ಸುತ್ತಿಗೆ ಮಾತ್ರ ನಾನು ತಂದೆ.
ಎತ್ತಿ ನೋಡಿದೆ: ನನ್ನ ಹೆಬ್ಬೆರಳಿಗೆ
ಅದರಲ್ಲಿ ಎಲ್ಲೂ ಜಾಗವಿಲ್ಲ.
ಉಳಿದ ನಾಲ್ಕಕ್ಕೆ ಸರಿಯಾಗಿದೆ.

ಬೆಳಿಗ್ಗೆಯಿಂದ ಚೂರಿಗೆ ಸೈಕಲ್ ಟ್ಯೂಬು ಸುತ್ತುತ್ತಿದ್ದೇನೆ,
ಹಲ್ಲಲ್ಲಿ ಒಂದು ತುದಿ ಕಚ್ಚಿ, ಎಳೆದು ಎಳೆದು,
ಆ ಹಳೆಯ ಗುಳಿಗಳ ಮೇಲೆ, ಒಂದೊಂದೇ ಬೆರಳು ಮುಚ್ಚುತ್ತ.
ಹೆಬ್ಬೆರಳಿನದ್ದು ಬಿಟ್ಟಿದ್ದೇನೆ, ಇರಲಿ.

ಪಾಲಿಗೆ ಎಷ್ಟು ಬಾಯಿ, ಬೇಗ ಹೇಳು, ಬಸ್ಸಿದೆ,
ಅಂತಾನೆ ಚೀಲ ಬಿಚ್ಚಿ ನಿಂತವನು.
ಬಾಯಲ್ಲಿ ರಬ್ಬರು. ಕಣ್ಣಲ್ಲೇ ಹೇಳಿದೆ:
ತಡಿ, ಇನ್ನೆರಡು ಸುತ್ತು.