ಉಳಿಸಬೇಕಾದ ತಪ್ಪು

ಆಲೂರು ತಾಲ್ಲೂಕು ಕಚೇರಿಯ ಎದುರು
ನನ್ನದು ಆರಡಿ ಅಂಗಡಿ.
ಬೋರ್ಡಿನಲ್ಲಿ ಇನ್ನೂ 'ಟೈಪಿಂಗ್' ಅಂತಲೇ ಇದೆ.
ಟೈಪ್‌ರೈಟರ್ ಮಾತ್ರ ಬೆಂಚಿನ ಕೆಳಗೆ,
ಅದರ ಮೇಲೆ ನನ್ನ ಊಟದ ಡಬ್ಬಿ.

ಹಾಸನದ ಸಂತೆಪೇಟೆಯಲ್ಲಿ ಕಲಿತದ್ದು, ಸೀನಿಯರ್ ಪಾಸು.
ಕಿರುಬೆರಳು ಸೋಮಾರಿಯಾದಾಗ
ಮೇಷ್ಟ್ರು ಅಡಿಕೋಲಿನಿಂದ ಮೆಲ್ಲಗೆ ಮುಟ್ಟುತ್ತಿದ್ದರು.
ಆಮೇಲೆ ಕಂಪ್ಯೂಟರ್ ಬಂತು.
ಬೆರಳುಗಳನ್ನು ಒಕ್ಕಲೆಬ್ಬಿಸಿ
ಬೇರೆ ಊರಿಗೆ ಹಾಕಿದ ಹಾಗೆ
ಕೀಲಿಗಳ ಜಾಗವೆಲ್ಲ ಬದಲು.
ನಲವತ್ತೊಂದನೇ ವಯಸ್ಸಿನಲ್ಲಿ ಅತ್ತುಕೊಂಡು ಕಲಿತೆ.
ಇನ್ನು ಕಲಿಯುವುದು ಮುಗಿಯಿತು ಅಂದುಕೊಂಡಿದ್ದೆ.

ಈಗ ಪಕ್ಕದ ಮೊಬೈಲ್ ಅಂಗಡಿಯ ತೌಸೀಫ್
ಫೋನಿಗೆ ಬಾಯಲ್ಲೇ ಹೇಳುತ್ತಾನೆ:
'ಆನೆ ಬಂತು, ಭತ್ತ ತುಳೀತು, ಪರಿಹಾರ ಬೇಕು.'
ಎಂಜಲು ನುಂಗುವಷ್ಟರಲ್ಲಿ ಎರಡು ಪುಟ.
ಪ್ರಿಂಟೂ ಸೇರಿ ಇಪ್ಪತ್ತು ರೂಪಾಯಿ.
ನಾನು ನೂರು ಕೇಳುತ್ತಿದ್ದವಳು.

ಮೂರು ವಾರ ನನ್ನ ಬೆಂಚಿನ ಮೇಲೆ
ಬಸ್ಸಿಗೆ ಕಾಯುವವರಷ್ಟೇ ಕೂತರು.
ಒಂದು ಮಧ್ಯಾಹ್ನ ಟೈಪ್‌ರೈಟರ್ ಹೊರಗೆಳೆದು
ಧೂಳು ಒರೆಸಿದೆ, ಯಾಕೋ ಗೊತ್ತಿಲ್ಲ.
'ಳ' ಅಂಟಿಕೊಂಡಿತ್ತು.

ನಾಲ್ಕನೇ ವಾರ ಪಾಳ್ಯದ ಕಡೆಯ ಈರಿ
ವಾಪಸು ಬಂದ ಅರ್ಜಿ ಹಿಡಿದು ನಿಂತಳು.
ಓದಿದೆ. ಏನು ಕನ್ನಡ ಅದು!
'ವನ್ಯಜೀವಿ ಮತ್ತು ಮಾನವ ಸಂಘರ್ಷದ
ಈ ಸಂಕಷ್ಟದ ಕಾಲಘಟ್ಟದಲ್ಲಿ...'
ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ.
ಒಂದು ಕಾಗುಣಿತದ ತಪ್ಪಿಲ್ಲ.
ಸರ್ವೆ ನಂಬರೂ ಇಲ್ಲ.
ಆನೆ ಯಾವ ರಾತ್ರಿ ಬಂತು,
ಗದ್ದೆಯ ಯಾವ ಮೂಲೆಯಿಂದ ಇಳಿಯಿತು,
ಗಾರ್ಡು ಬಂದು ಹೆಜ್ಜೆ ನೋಡಿದನೋ ಇಲ್ಲವೋ
ಅದಕ್ಕೆ ಯಾರೂ ಹೇಳಿರಲಿಲ್ಲ,
ಅದೂ ಕೇಳಿರಲಿಲ್ಲ.

ಮತ್ತೆ, ಹೆಸರು.
ಪಹಣಿಯಲ್ಲಿ 'ಈರಿ ಕೋಂ ಲೇಟ್ ಜವರ'.
ಅರ್ಜಿಯಲ್ಲಿ 'ಶ್ರೀಮತಿ ಈಶ್ವರಿ ಜವರಯ್ಯ'.
ಅವಳಿಗೆ ಈ ಕಚೇರಿಯ ಜವಾನನೂ ಕೊಡದ ಮರ್ಯಾದೆಯನ್ನು
ಯಂತ್ರ ಕೇಳದೆಯೇ ಕೊಟ್ಟಿತ್ತು.
ಓದಿ ಹೇಳಿದಾಗ ಸೆರಗು ಬಾಯಿಗಿಟ್ಟು ನಕ್ಕಳು.
'ಚೆನ್ನಾಗೈತೆ ಕಣವ್ವ, ಅದೇ ಇರ್ಲಿ.'
ಅದೇ ಇದ್ದರೆ ದುಡ್ಡು ಬರೋದಿಲ್ಲ, ಅಂದೆ.
ತುಸು ಹೊತ್ತು ರಸ್ತೆ ನೋಡಿದಳು.
'ಹಂಗಾದ್ರೆ ಈರೀನೇ ಬರಿ.'

ಬರೆದೆ. ಎಂಟೇ ಸಾಲು. ಕೇಳಿದ್ದು ಮಾತ್ರ ಮುಕ್ಕಾಲು ಗಂಟೆ:
ಬೆಳದಿಂಗಳಿತ್ತಾ, ಮರಿ ಜೊತೆಗಿತ್ತಾ,
ಬದು ಒಡೆದದ್ದು ತೋಡಿನ ಕಡೆಯೋ ಮೇಲ್ಗಡೆಯೋ.
ಇಷ್ಟು ವರ್ಷ ನನ್ನ ಕಸುಬು ಬೆರಳಿನಲ್ಲಿದೆ ಅಂದುಕೊಂಡಿದ್ದೆನಲ್ಲ,
ಅದು ಕಿವಿಯಲ್ಲಿತ್ತು.

ಹಳೆಯ ಕಾಗದವನ್ನು ಅವಳು ಎಸೆಯಲಿಲ್ಲ.
ನಾಲ್ಕು ಮಡಿಕೆ ಮಾಡಿ
ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಸಂಜೆ ತೌಸೀಫನ ಅಂಗಡಿಗೆ ಹೋಗಿ
ನನಗೂ ಅದನ್ನು ಹೇಳಿಕೊಡು ಮಾರಾಯ, ಅಂದೆ.
ಸ್ಟೂಲು ಸರಿಸಿದ.
'ಅಕ್ಕಾ, ಮೊದಲು ಈ ಕೋಂ ಅಂದರೇನು ಹೇಳಿ,
ಕಂಪನಿ ಅಂದುಕೊಂಡು ನಾನೇ ಅಳಿಸಿದ್ದೆ.'
ಕೋಂ ಅಂದರೆ ಹೆಂಡತಿ, ಬಿನ್ ಅಂದರೆ ಮಗ.
ದಾಖಲೆಯಲ್ಲಿ ತಪ್ಪಿದ್ದರೆ
ಅರ್ಜಿಯಲ್ಲೂ ಅದೇ ತಪ್ಪು ಇರಬೇಕು,
ತಿದ್ದುವುದಕ್ಕೆ ಬೇರೆ ಅರ್ಜಿ, ಬೇರೆ ದಿನ.
ಅವನು ಬರೆದುಕೊಂಡ, ಪೆನ್ನಿನಲ್ಲಿ.

'ಇದನ್ನೂ ಅದು ಕಲಿತುಬಿಟ್ಟರೆ?' ಅಂತ ಕೇಳಿದ.
ಉತ್ತರ ನನ್ನ ಹತ್ತಿರ ಇರಲಿಲ್ಲ.
ಚಹಾ ಬಂತು, ಕುಡಿದೆವು.

ಈಗ ಬೆಳಿಗ್ಗೆ ಬಾಗಿಲು ತೆಗೆದು ಫೋನಿಗೆ ಹೇಳುತ್ತೇನೆ.
ಈರಿ, ಅನ್ನುತ್ತೇನೆ.
ಅದು ಈಶ್ವರಿ ಎಂದು ಬರೆಯುತ್ತದೆ.
ಅಲ್ಲಪ್ಪ, ಈರಿ.
ಬಲಗೈ ತನ್ನಷ್ಟಕ್ಕೇ ಮೇಜಿನ ಮೇಲೆ ತಡಕಾಡುತ್ತದೆ
ಮೇಷ್ಟ್ರ ಅಡಿಕೋಲಿಗೆ.