ಹಿಮ್ಮಡಿ

ಮಗಳು ಹುಟ್ಟಿ ಇವತ್ತಿಗೆ ಎಂಬತ್ತು ದಿನ.
ದೀಕ್ಷಾಸ್ನಾನ ಆಗಬೇಕಾದ ಚರ್ಚು
ಗೆರಾಲ್ತಾದ ಕೆಂಪು ಬಂಡೆಯ ಹೊಟ್ಟೆಯೊಳಗಿದೆ,
ಹದ್ದಿನ ಗೂಡಿಗಿಂತ ಒಂದು ಮಾರು ಮೇಲೆ.
ಮೆಟ್ಟಿಲಿಲ್ಲ. ಯಾವ ಕಾಲದವರದೋ ಹೆಬ್ಬೆರಳು
ತೇದು ತೇದು ಮಾಡಿದ ಗುಳಿಗಳಿವೆ, ಅಷ್ಟೆ.

ನಾನು ಕಹ್ಸಾಯ್, ಗಾರೆಯವನು.
ಮೆಕೆಲೆಯ ನಾಲ್ಕಂತಸ್ತಿನ ಕಟ್ಟಡಗಳಿಗೆ
ನೀಲಗಿರಿ ಕಂಬದ ಅಟ್ಟಣೆ ಬಿಗಿದು
ಅದರ ತುದಿಯಲ್ಲಿ ನಿಂತು ಸಿಗರೇಟು ಹಚ್ಚಿದವನು.
ಕೇಳಿದವರಿಗೆಲ್ಲ ಹೇಳುತ್ತ ಬಂದೆ:
‘ಗೋಡೆ ಎಬ್ಬಿಸುವವನಿಗೆ ಬಂಡೆ ಹತ್ತುವ ಹರಕೆ ಯಾಕೆ?
ದೇವರಿಗೆ ನಾನು ಬೇಕಿದ್ದರೆ ಕೆಳಗೇ ಬರಲಿ.’
ಜನ ನಕ್ಕರು. ನಾನೂ ನಕ್ಕೆ.
ಹನ್ನೊಂದು ವರ್ಷ ಹಾಗೆ ನಕ್ಕೆ.

ನಿಜ ಬೇರೆ.
ಒಂಬತ್ತರ ವಯಸ್ಸಿನಲ್ಲಿ ಅಪ್ಪನ ಹಿಂದೆ
ಅರ್ಧ ಬಂಡೆ ಹತ್ತಿ, ಕೆಳಗೆ ನೋಡಿಬಿಟ್ಟಿದ್ದೆ.
ನಮ್ಮ ಕತ್ತೆ ಜೀರುಂಡೆಯಷ್ಟಿತ್ತು.
ಚಡ್ಡಿ ಒದ್ದೆಯಾಯಿತು. ಅಪ್ಪ ಬೈಯಲಿಲ್ಲ,
ಬೆನ್ನಿಗೆ ಕಟ್ಟಿಕೊಂಡು ಇಳಿಸಿದ.
ಬೈದಿದ್ದರೆ ಮರೆಯುತ್ತಿದ್ದೆನೇನೋ.
ಅಂದಿನಿಂದ ಆ ಹುಡುಗನಿಗೆ ಮೀಸೆ ಅಂಟಿಸಿ
ಊರೆಲ್ಲ ತಿರುಗಿಸಿದೆ.
ಒಳಗೆ ಕೂತು ಭಯ ನೂಲುತ್ತದೆ,
ಹೊರಗೆ ನಿಂತು ಗರ್ವ ಉಡುತ್ತದೆ,
ಒಂದೇ ಬಟ್ಟೆ.

ಲೆತೆಬ್ರಹಾನ್ ಚಪ್ಪಲಿ ಬಿಟ್ಟಳು,
ಕೂಸನ್ನು ಬಿಳಿ ಶಾಲಿನಲ್ಲಿ ಬೆನ್ನಿಗೆ ಬಿಗಿದಳು,
ನನ್ನ ಮುಖ ನೋಡದೆ ಹತ್ತತೊಡಗಿದಳು,
ಹಲ್ಲಿ ಗೋಡೆಯನ್ನು ನಂಬುವಂತೆ ಬಂಡೆಯನ್ನು ನಂಬಿ.
ಶಾಲಿನ ಅಂಚಿನಲ್ಲಿ ಮಗಳ ಹಿಮ್ಮಡಿ
ಬಟಾಣಿ ಕಾಳಿನಷ್ಟು ಕಂಡು ಮರೆಯಾಯಿತು.
ಹಿಂದೆಯೇ ನಾನು. ಬೇರೇನು ಮಾಡಲಿ?
ಭಾವಮೈದುನರು ನೋಡುತ್ತಿದ್ದರು.
ಹತ್ತಿಸಿದ್ದೂ ಗರ್ವವೇ, ಭಕ್ತಿ ಅಂದುಕೊಳ್ಳಬೇಡಿ.

ಹದಿನೇಳನೆಯ ಗುಳಿಯಲ್ಲಿ ಕಾಲು ಮಾತು ಕೇಳಲಿಲ್ಲ.
ಕೆನ್ನೆ ಬಂಡೆಗೆ, ಉಗುರು ಬಿರುಕಿಗೆ,
ಬಾಯಲ್ಲಿ ಮರಳು.
ಕೆಳಗಿನಿಂದ ಮೆಬ್ರಹ್ತು, ಗಂಟೆ ಹೊಡೆಯುವವನ ಮೊಮ್ಮಗ,
ಹನ್ನೆರಡು ವರ್ಷ, ಮುಂದಿನ ಹಲ್ಲೊಂದು ಇಲ್ಲ:
‘ಮಾವ, ಕಾಲು ಸಡಿಲ ಬಿಡು. ಗುಳಿ ಪಕ್ಕದಲ್ಲೇ ಇದೆ.
ನಾನು ಹಿಡಿದು ಇಡ್ತೀನಿ.’
‘ಮುಟ್ಟಬೇಡ!’ ಅಂದೆ.
ಮೇಸ್ತ್ರಿಯ ಗುಡುಗು ಅಂದುಕೊಂಡಿದ್ದೆ.
ಕಣಿವೆ ಅದನ್ನೇ ತಿರುಗಿ ಒಪ್ಪಿಸಿದಾಗ
ಕೇಳಿಸಿದ್ದು ಒಂಬತ್ತು ವರ್ಷದ ಕಿರುಚಲು.

ಎಷ್ಟು ಹೊತ್ತೋ.
ಮುಷ್ಟಿ ಬಿಗಿದಿತ್ತು. ಬಿದ್ದೇನೆಂದೋ,
ಯಾರಾದರೂ ಹಿಡಿದುಬಿಟ್ಟಾರೆಂದೋ
ಮುಷ್ಟಿಗೇ ಗೊತ್ತಿರಲಿಲ್ಲ.
ಹುಡುಗ ಬುದ್ಧಿ ಹೇಳಲಿಲ್ಲ, ಬೇಡಲಿಲ್ಲ,
ಮೂಗು ಸೊರ್ರೆಂದು ಎಳೆದುಕೊಂಡ.
ಅವನ ಅಂಗೈ ನನ್ನ ಪಾದದ ಕೆಳಗೆ,
ಮುಟ್ಟದೆ, ಒಂದು ಬೆರಳಿನ ಅಂತರದಲ್ಲಿ,
ಬಿಸಿಯಾಗಿ ಇತ್ತು.
ಯಾರನ್ನಾದರೂ ಹಾಗೆ ಕಾಯಿಸಬಹುದೆ?
ಹನ್ನೊಂದು ವರ್ಷ? ಮೂವತ್ತು?

ಕೊಟ್ಟೆ. ವೀರನ ಹಾಗಲ್ಲ,
ತೊಡೆ ನಡುಗಿ, ಅಳು ಬಂದು, ಕೊಟ್ಟೆ.
ಅವನು ಹಿಮ್ಮಡಿ ಹಿಡಿದು
ಎಡಕ್ಕೆ ಒಂದು ಗೇಣು ಸರಿಸಿ ಇಟ್ಟ.
ಗುಳಿ ಅಲ್ಲೇ ಇತ್ತು.
ಯಾವಾಗಲೂ ಇತ್ತು.

ಮೇಲೆ ಕತ್ತಲೆ, ಧೂಪ, ಬಾವಲಿ ವಾಸನೆ.
ಅಬ್ಬಾ ಟೆಕ್ಲೆ ದೀಪ ಎತ್ತಿದಾಗ
ಚಾವಣಿಯಿಂದ ಅಗಲಗಣ್ಣಿನ ಚಿತ್ರಗಳು ಇಣುಕಿದವು.
ಒಂದರಲ್ಲಿ ಕರ್ತನು ಬೋಗುಣಿ ಪಕ್ಕಕ್ಕಿಟ್ಟು
ಮಂಡಿಯೂರಿ ಒಬ್ಬನ ಹಿಮ್ಮಡಿ ಹಿಡಿದಿದ್ದಾನೆ.
ಆ ಗಡ್ಡದ ಆಸಾಮಿ ಕಾಲು ಹಿಂದೆಳೆಯುತ್ತಿದ್ದಾನೆ.
ಬಣ್ಣ ಹಚ್ಚಿದ ದಿನದಿಂದ ಎಳೆಯುತ್ತಿದ್ದಾನೆ.
ಹಿಡಿದ ಕೈ ಬಿಟ್ಟಿಲ್ಲ.

ನೀರು ಬಿದ್ದಾಗ ಮಗಳು ಚೀರಿದಳು,
ಕಾಲು ಝಾಡಿಸಿದಳು, ಮುಷ್ಟಿ ಬಿಗಿದಳು.
ನನ್ನ ಮಗಳೇ, ಸಂಶಯವಿಲ್ಲ.
ಅಬ್ಬಾ ನಗುತ್ತ ಅವಳ ಪಾದ ಒರೆಸಿದರು.

ಇಳಿಯುವುದು ಇನ್ನೂ ಇದೆ.
ಇಳಿಯುವವನಿಗೆ ಗುಳಿ ಕಾಣುವುದಿಲ್ಲ ಅನ್ನುತ್ತಾರೆ.
‘ಮೆಬ್ರಹ್ತು,’ ಅಂದೆ, ಭಾವಮೈದುನರ ಎದುರೇ,
‘ನೀನು ಮುಂಚೆ ಇಳಿ. ಕೈ ಚಾಚಿಯೇ ಇರು.’